ಉಪ್ಪಿನ ಕೆರೆಯ ದಂಡೆಯ ಉಮ್ಮು ಹರಾಮ್(ರ)

ಸೈಪ್ರಸ್ ದ್ವೀಪದ ದಕ್ಷಿಣ ಕರಾವಳಿಯಲ್ಲಿರುವ ಲಾರ್ನಾಕಾ ಪಟ್ಟಣಕ್ಕೆ ಹೆಚ್ಚಿನವರು ಬರುವುದು ಸಮುದ್ರ ಸ್ನಾನಕ್ಕಾಗಿ. ನಾವು ಹೋದದ್ದು ಜುಲೈ ತಿಂಗಳಲ್ಲಿ. ಬೆಳಗ್ಗೆ ಒಂಬತ್ತಾಗುವಷ್ಟರಲ್ಲಿ ಕಡಲ ದಂಡೆಯ ಕಲ್ಲುಹಾಸು ಕಾದು ಹೋಗಿತ್ತು. ಪ್ರಾಚೀನ ಕಾಲದಲ್ಲಿ ಈ ಊರಿನ ಹೆಸರು ಕಿಟಿಯನ್. ಗ್ರೀಕ್ ತತ್ವಜ್ಞಾನಿ ಝೆನೊ ಹುಟ್ಟಿದ್ದು ಇಲ್ಲಿಯೇ. ದಂಡೆಯ ತುದಿಯಲ್ಲಿರುವ ಪುಟ್ಟ ಕೋಟೆಗೆ ಈಗಿನ ರೂಪ ಕೊಟ್ಟವರು ಉಸ್ಮಾನಿಯಾ ತುರ್ಕರು, 1625ರಲ್ಲಿ. ಬ್ರಿಟಿಷರ ಆಳ್ವಿಕೆಯಲ್ಲಿ ಅದು ಸೆರೆಮನೆಯಾಯಿತು.

ಕೋಟೆಯ ಪಕ್ಕದ ದೊಡ್ಡ ಮಸೀದಿಯಲ್ಲಿ ಝುಹರ್ ನಮಾಝ್ ಮಾಡಿದೆವು. ದೂರದ ದೇಶಗಳಿಂದ ದುಡಿಯಲು ಬಂದವರೇ ಸಫ್‌ಗಳಲ್ಲಿ ಹೆಚ್ಚಿದ್ದರು. ಅಲ್ಲಿಂದ ಕೆಲವೇ ಹೆಜ್ಜೆ ನಡೆದರೆ ಸಂತ ಲಾಝರಸ್‌ನ ಚರ್ಚು. ಈಸಾ(ಅ)ರು ಅಲ್ಲಾಹನ ಅನುಮತಿಯಿಂದ ಮೃತರನ್ನು ಎಬ್ಬಿಸಿದರೆಂದು ಕುರ್‌ಆನ್ ಹೇಳುತ್ತದೆ, ಆದರೆ ಅವರ ಹೆಸರು ಹೇಳುವುದಿಲ್ಲ. ಹಾಗೆ ಎದ್ದ ಲಾಝರಸ್ ಕೊನೆಗೆ ಈ ಊರಿಗೆ ಬಂದು ನೆಲೆಸಿದನೆಂಬುದು ಇಲ್ಲಿನ ಕ್ರೈಸ್ತರ ನಂಬಿಕೆ. ಊರಾಚೆ ಬಯಲಿನಲ್ಲಿ ಕಲ್ಲಿನ ಕಮಾನುಗಳ ಸಾಲೊಂದು ನಿಂತಿದೆ. 18ನೇ ಶತಮಾನದ ನಡುವೆ ಬೆಕಿರ್ ಪಾಶಾ ಎಂಬ ಗವರ್ನರ್ ಊರಿಗೆ ಕುಡಿಯುವ ನೀರು ತರಲು ಇದನ್ನು ಕಟ್ಟಿಸಿ ವಕ್ಫ್ ಮಾಡಿದರು. 20ನೇ ಶತಮಾನದವರೆಗೂ ಮುಸ್ಲಿಮರೂ ಕ್ರೈಸ್ತರೂ ಅದರ ನೀರನ್ನೇ ಕುಡಿದರು. ಆ ಬಿಸಿಲಿನಲ್ಲಿ ನಿಂತಾಗ ನೀರಿನ ವಕ್ಫ್‌ನ ಬೆಲೆ ಯಾರೂ ವಿವರಿಸಬೇಕಾಗಿರಲಿಲ್ಲ.

ನಾವು ನಿಜವಾಗಿ ನೋಡಬಯಸಿದ್ದು ಪಟ್ಟಣದ ನೈರುತ್ಯಕ್ಕಿರುವ ಉಪ್ಪಿನ ಕೆರೆಯ ಆಚೆ ದಂಡೆಯನ್ನು. ಚಳಿಗಾಲದಲ್ಲಿ ಈ ಕೆರೆಯ ತುಂಬ ರಾಜಹಂಸಗಳಿರುತ್ತವೆ. ಬೇಸಿಗೆಯಲ್ಲಿ ನೀರು ಆರಿ ಬರೀ ಬಿಳಿ ಉಪ್ಪು ಉಳಿಯುತ್ತದೆ, ಕಣ್ಣು ಬಿಡಲಾಗದಷ್ಟು ಬಿಳುಪು. ಅದರಾಚೆ ಖರ್ಜೂರದ ಮರಗಳ ನಡುವೆ ಒಂದು ಗುಮ್ಮಟ, ಒಂದು ಮಿನಾರ. ಅದು ಹಾಲಾ ಸುಲ್ತಾನ್ ತೆಕ್ಕೆ. ಪ್ರವಾದಿವರ್ಯರ(ಸ) ಸಹಾಬಿ ಮಹಿಳೆ ಉಮ್ಮು ಹರಾಮ್ ಬಿಂತಿ ಮಿಲ್ಹಾನ್(ರ)ರ ಸಮಾಧಿ ಇರುವುದು ಇಲ್ಲಿಯೇ ಎಂದು ನಂಬಲಾಗಿದೆ. ತುರ್ಕಿ ಭಾಷೆಯಲ್ಲಿ 'ಹಾಲಾ' ಎಂದರೆ ತಂದೆಯ ಸಹೋದರಿ. ನಮ್ಮ ಉರ್ದು ಮನೆಗಳಲ್ಲಿ 'ಖಾಲಾ' ಎಂದರೆ ತಾಯಿಯ ಸಹೋದರಿ. ಹ. ಅನಸ್(ರ)ರಿಗೆ ಉಮ್ಮು ಹರಾಮ್(ರ) ಖಾಲಾ ಆಗಬೇಕು. ಹಾಗಾಗಿ ನಮ್ಮ ಮನೆಮಾತೇ ಇಲ್ಲಿ ಹೆಚ್ಚು ಒಪ್ಪುತ್ತದೆ!

ಬುಖಾರಿಯಲ್ಲಿರುವ ಘಟನೆ ನಮ್ಮ ಓದುಗರಿಗೆ ತಿಳಿದಿರಬಹುದು. ಪ್ರವಾದಿವರ್ಯರು(ಸ) ಅವರ ಮನೆಯಲ್ಲಿ ಊಟ ಮಾಡಿ ಮಲಗಿದ್ದರು, ನಗುತ್ತಾ ಎದ್ದರು. ತನ್ನ ಸಮುದಾಯದ ಕೆಲವರು ಸಿಂಹಾಸನವೇರಿದ ಅರಸರಂತೆ ಕಡಲ ಮೇಲೆ ಸಾಗುವುದನ್ನು ಕನಸಿನಲ್ಲಿ ಕಂಡೆನೆಂದರು. ಅವರಲ್ಲಿ ತಾನೂ ಒಬ್ಬಳಾಗಲೆಂದು ಪ್ರಾರ್ಥಿಸಿರೆಂದು ಉಮ್ಮು ಹರಾಮ್(ರ) ಕೇಳಿಕೊಂಡರು. ಪ್ರವಾದಿವರ್ಯರು(ಸ) ಪ್ರಾರ್ಥಿಸಿದರು. ಮದೀನದ ಆ ಮನೆಗೆ ಕಡಲು ಎಷ್ಟು ದೂರವಿತ್ತೆಂದು ಯೋಚಿಸಿ ನೋಡಿ. ಮುಂದೆ ಸಿರಿಯಾದ ಗವರ್ನರ್ ಮುಆವಿಯಾ(ರ) ಕಡಲ ಯಾತ್ರೆಗೆ ಅನುಮತಿ ಕೇಳಿದಾಗ ಖಲೀಫ ಉಮರ್(ರ) ಒಪ್ಪಲಿಲ್ಲ. ಮುಸ್ಲಿಮರ ಜೀವವನ್ನು ಅಲೆಗಳಿಗೆ ಒಡ್ಡಲು ಅವರಿಗೆ ಮನಸ್ಸಿರಲಿಲ್ಲ. ಖಲೀಫ ಉಸ್ಮಾನ್(ರ) ಒಪ್ಪಿದರು, ಆದರೆ ಪತ್ನಿಯನ್ನೂ ಜೊತೆಗೆ ಕರೆದೊಯ್ಯಬೇಕೆಂಬ ಷರತ್ತಿನ ಮೇಲೆ. ಹೀಗೆ ಹಿಜರಿ 28ರಲ್ಲಿ, ಅಂದರೆ ಕ್ರಿ.ಶ. 649ರ ಸುಮಾರಿಗೆ, ಹಡಗುಗಳು ಹೊರಟವು. ಪತಿ ಉಬಾದ ಬಿನ್ ಸ್ವಾಮಿತ್(ರ)ರೊಂದಿಗೆ ಉಮ್ಮು ಹರಾಮ್(ರ)ರೂ ಹೊರಟರು. ದಡ ಸೇರಿದ ಮೇಲೆ ಸವಾರಿಯಿಂದ ಬಿದ್ದು ತೀರಿಕೊಂಡರು.

ಅವರ ಕತೆಯನ್ನು ಇಲ್ಲಿಗೇ ನಿಲ್ಲಿಸುವವರು ಹೆಚ್ಚು. ಆ ಯಾತ್ರೆಯಿಂದ ಹುಟ್ಟಿದ ಒಪ್ಪಂದದ ಬಗ್ಗೆ ಮಾತನಾಡುವವರು ಕಡಿಮೆ. ಸೈಪ್ರಸ್‌ನ ಜನರು ವರ್ಷಕ್ಕೆ 7,200 ದೀನಾರ್ ಕೊಡುವುದು, ಅಷ್ಟನ್ನೇ ರೋಮನರಿಗೂ ಕೊಡುತ್ತಿರುವುದು, ರೋಮನರ ಚಲನವಲನವನ್ನು ಮುಸ್ಲಿಮರಿಗೆ ತಿಳಿಸುವುದು ಅದರ ಮುಖ್ಯ ಅಂಶಗಳು. ಎರಡು ಸಾಮ್ರಾಜ್ಯಗಳ ನಡುವೆ ಸಿಕ್ಕಿಬಿದ್ದ ಸಣ್ಣ ಜನಾಂಗವೊಂದರ ಸ್ಥಿತಿ ಇದು. ಕೆಲವು ವರ್ಷಗಳ ನಂತರ ಅವರು ರೋಮನರಿಗೆ ಹಡಗು ಕೊಟ್ಟರು. ಮುಆವಿಯಾ(ರ) ಮತ್ತೆ ಬಂದು ಗೆದ್ದರು, ಅನೇಕರನ್ನು ಸೆರೆ ಹಿಡಿದರು. ಆದರೆ ಹಳೆಯ ಷರತ್ತುಗಳನ್ನೇ ಉಳಿಸಿದರು.

ಇತಿಹಾಸಕಾರ ಬಲಾದುರಿ ಮುಂದಿನದನ್ನೂ ದಾಖಲಿಸಿದ್ದಾರೆ. ಉಮಯ್ಯ ದೊರೆ ಎರಡನೇ ವಲೀದ್ ಸೈಪ್ರಸ್‌ನ ಅನೇಕರನ್ನು ಸಿರಿಯಾಕ್ಕೆ ಗಡಿಪಾರು ಮಾಡಿದ. ಅವನ ಪ್ರಜೆಗಳಾದ ಮುಸ್ಲಿಮರಿಗೇ ಅದು ಅನ್ಯಾಯವೆನಿಸಿತು, ಫಿಕ್ಹ್ ವಿದ್ವಾಂಸರು ಖಂಡಿಸಿದರು. ನಂತರ ಬಂದ ಯಝೀದ್ ಬಿನ್ ವಲೀದ್ ಅವರನ್ನು ಮರಳಿ ಊರಿಗೆ ಕಳಿಸಿದ. ಅಬ್ಬಾಸಿಯರ ಕಾಲದಲ್ಲಿ ಮತ್ತೆ ದೂರು ಬಂತು: ಇವರು ಒಪ್ಪಂದ ಮುರಿದಿದ್ದಾರೆ, ಏನು ಮಾಡೋಣ? ಗಡಿಯ ಗವರ್ನರ್ ಅಬ್ದುಲ್ ಮಲಿಕ್ ಬಿನ್ ಸ್ವಾಲಿಹ್ ಸೈನ್ಯ ಕಳಿಸುವ ಮೊದಲು ವಿದ್ವಾಂಸರಿಗೆ ಪತ್ರ ಬರೆದರು. ಈಜಿಪ್ಟ್‌ನ ಇಮಾಮ್ ಲೈಸ್ ಬಿನ್ ಸಅದ್ ಅವರನ್ನು ನಂಬುವಂತಿಲ್ಲವೆಂದೇ ಬರೆದರು, ಆದರೂ ಒಂದು ವರ್ಷದ ಗಡುವು ಕೊಡಬೇಕೆಂದರು. ಮದೀನದ ಇಮಾಮ್ ಮಾಲಿಕ್‌ರ ಉತ್ತರ ಇನ್ನೂ ಎಚ್ಚರಿಕೆಯದು: ಹಿಂದಿನ ಆಡಳಿತಗಾರರೆಲ್ಲ ಪಾಲಿಸಿಕೊಂಡು ಬಂದ ಹಳೆಯ ಒಪ್ಪಂದವಿದು, ಪುರಾವೆ ಸ್ಪಷ್ಟವಾಗುವವರೆಗೆ ಮುರಿಯಲು ಆತುರಪಡಬೇಡಿ. ಆ ಪುಟ್ಟ ದ್ವೀಪವನ್ನು ಮುಗಿಸಲು ಬೇಕಾದ ಬಲ ಗವರ್ನರ್ ಕೈಯಲ್ಲಿತ್ತು. ಸಾವಿರಾರು ಮೈಲಿ ಓಡಾಡಿದ ಆ ಪತ್ರಗಳ ಮುಂದೆ ಯುದ್ಧ ಗೆದ್ದ ವೃತ್ತಾಂತಗಳು ನಮಗೆ ಚಿಕ್ಕದಾಗಿ ಕಂಡವು.

ತೆಕ್ಕೆಯ ಒಳಗೆ ತಂಪಿತ್ತು. ಸಮಾಧಿಯ ಕೋಣೆ ಮಸೀದಿಯ ಹಿಂಬದಿಗಿದೆ, ಹಸಿರು ಬಟ್ಟೆಯ ಹಿಂದೆ ದೊಡ್ಡ ಕಲ್ಲುಗಳು ಮಾತ್ರ ಕಾಣುತ್ತವೆ. ಈ ನೆಲವೂ ಗಡಿಪಾರನ್ನು ಮರೆತಿಲ್ಲ. 1974ರಲ್ಲಿ ದ್ವೀಪ ಇಬ್ಭಾಗವಾದಾಗ ಇಲ್ಲಿನ ತುರ್ಕಿ ಮುಸ್ಲಿಮರು ಉತ್ತರಕ್ಕೂ, ಉತ್ತರದ ಗ್ರೀಕ್ ಕ್ರೈಸ್ತರು ದಕ್ಷಿಣಕ್ಕೂ ಮನೆ ಬಿಟ್ಟು ಹೋಗಬೇಕಾಯಿತು. ಉಮ್ಮು ಹರಾಮ್(ರ)ರ ತೆಕ್ಕೆಯನ್ನು ಈಗ ನೋಡಿಕೊಳ್ಳುತ್ತಿರುವುದು ಕ್ರೈಸ್ತರೇ ಬಹುಸಂಖ್ಯಾತರಾಗಿರುವ ದಕ್ಷಿಣದ ಸರಕಾರದ ಪ್ರಾಚ್ಯವಸ್ತು ಇಲಾಖೆ. 2003ರಲ್ಲಿ ಗಡಿಯ ದ್ವಾರಗಳು ತೆರೆದ ನಂತರ ಉತ್ತರದ ಮುಸ್ಲಿಮರಿಗೂ ಇಲ್ಲಿಗೆ ಬರುವ ದಾರಿಯಾಗಿದೆ.