ಹಳೇ ಜೀಪಿನ ಚಾಸಿಗೆ ಜಂಗು ಹಿಡಿದೈತಾ? ಪೇಂಟ್ ಹೊಡಿಸೋ ಮುಂಚೆ ಇಷ್ಟು ನೋಡ್ಕೊಳ್ರಿ

ಹಾನಗಲ್: ಆಯುಧ ಪೂಜೆ ಹತ್ತಿರ ಬಂತಂದ್ರೆ ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರಿನ ಗ್ಯಾರೇಜ್‌ಗಳ ಮುಂದೆ ಹಳೇ ಗಾಡಿಗಳು ಸಾಲು ಹಚ್ಚುತ್ತವೆ. ಅಜ್ಜನ ಕಾಲದ ಜೀಪು, ಅಪ್ಪ ಇಟ್ಕೊಂಡಿದ್ದ ಅಂಬಾಸಿಡರ್, ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಪದ್ಮಿನಿ. ಎಲ್ಲರೂ ಮೊದಲು ಕೇಳೋದು ಪೇಂಟಿನ ರೇಟು. ಗಾಡಿ ಕೆಳಗೆ ಬಗ್ಗಿ ನೋಡೋರು ಕಡಿಮೆ.

ನಮ್ಮ ಸೋದರಮಾವನ ಮಹೀಂದ್ರ ಜೀಪಿನ ಕಥೆ ಇದೇ ಆಯ್ತು. ಗ್ಯಾರೇಜಿನವರು ಜಂಗು ತಿಂದ ಚಾಸಿ ಮೇಲೆ ಪತ್ರಾ ಬಡಿದು, ಪುಟ್ಟಿ ತುಂಬಿ, ಕಪ್ಪು ಪೇಂಟ್ ಹೊಡೆದು ಕೊಟ್ಟರು. ನೋಡಾಕ ಹೊಸದರಂಗ ಇತ್ತು. ಮೂರೇ ತಿಂಗಳಿಗೆ ಗೋವಿನಜೋಳದ ಚೀಲ ಹೇರಿಕೊಂಡು ಬರುವಾಗ ಹಿಂದಿನ ಪಾಟಾ ಹಿಡಿಯೋ ಬ್ರಾಕೆಟ್ ಚಾಸಿಯ ತುಂಡಿನ ಸಮೇತ ಕಿತ್ತು ಬಂತು. ಸ್ಪೀಡ್ ಕಡಿಮೆ ಇತ್ತು, ಹಿಂದೆ ಯಾರೂ ಕುಂತಿರಲಿಲ್ಲ, ಬದುಕಿದ್ವಿ. ಅದಾದ ಮೇಲೆ ಕಲಿತದ್ದನ್ನು ಇಲ್ಲಿ ಬರೀತಿದೀನಿ.

ನಿಮ್ಮ ಗಾಡಿಗೆ ಚಾಸಿ ಐತಾ?

ಮಹೀಂದ್ರ ಜೀಪು, ಜಿಪ್ಸಿ, ಟಾಟಾ ಸುಮೋ ಇವುಗಳಿಗೆ ಏಣಿಯಂಥ ಬೇರೆ ಚಾಸಿ ಇರುತ್ತದೆ. ಎರಡು ಉದ್ದನೆಯ ಕಬ್ಬಿಣದ ಪಟ್ಟಿ, ನಡುವೆ ಅಡ್ಡ ಪಟ್ಟಿಗಳು. ಬಾಡಿಯನ್ನು ಅದರ ಮೇಲೆ ಬೋಲ್ಟ್ ಹಾಕಿ ಕೂಡಿಸಿರುತ್ತಾರೆ. ಅಂಬಾಸಿಡರ್, ಪದ್ಮಿನಿಗೆ ಹಂಗಿಲ್ಲ. ಅವುಗಳಲ್ಲಿ ಬಾಡಿಯೇ ಚಾಸಿಯ ಕೆಲಸ ಮಾಡುತ್ತದೆ. ಹೀಗಾಗಿ ಬಾಗಿಲ ಕೆಳಗಿನ ಡಬ್ಬಿಯಂಥ ಭಾಗ, ನೆಲದ ಪತ್ರಾ ಕೊಳೆತರೆ ಅದು ಅಂದದ ಪ್ರಶ್ನೆ ಅಲ್ಲ, ಗಾಡಿಯ ಬೆನ್ನೆಲುಬೇ ಹೋದಂಗ.

ನಮ್ಮ ಕಡೆ ಜಂಗು ಯಾಕೆ ಜಾಸ್ತಿ?

ಹಾನಗಲ್ ಅರೆಮಲೆನಾಡು. ಮಳೆಗಾಲದಾಗ ಗಾಡಿ ತಿಂಗಳುಗಟ್ಟಲೆ ಒಣಗಲ್ಲ. ಸವಣೂರು ಕಡೆಯ ಎರೆಮಣ್ಣು ಚಾಸಿಗೆ ಮೆತ್ತಿಕೊಂಡರೆ ಒಳಗೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು, ಗೊಬ್ಬರದ ಚೀಲ. ಪೊಟ್ಯಾಷ್ ಗೊಬ್ಬರ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಜಾತಿಯದೇ. ಚೀಲದಿಂದ ಉದುರಿದ ಪುಡಿ ನೀರಿಗೆ ಕರಗಿ ಚಾಸಿ ಸಂದಿಗೆ ಇಳಿದರೆ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಶಿರಸಿ ಮೇಲೆ ಹಾದು ಕುಮಟಾ ಕಡೆ ಸಮುದ್ರದ ಗಾಳಿಯಲ್ಲಿ ಓಡಾಡಿದ ಗಾಡಿ ಕೊಳ್ಳೋರಂತೂ ಎರಡು ಸಲ ನೋಡಬೇಕು.

ನೆನಪಿಡಬೇಕಾದ ಮಾತು: ಚಾಸಿ ಬಹಳ ಸಲ ಒಳಗಿನಿಂದ ಕೊಳೆಯುತ್ತದೆ. ಎರಡು ಪಟ್ಟಿ ಕೂಡಿ ಡಬ್ಬಿ ಆದ ಕಡೆ ಮಣ್ಣು ನಿಲ್ಲುತ್ತದೆ, ನೀರಿನ ತೂತು ಮುಚ್ಚುತ್ತದೆ. ಹೊರಗೆ ಪೇಂಟ್ ಚೆನ್ನಾಗೇ ಇರುತ್ತದೆ.

ಪರೀಕ್ಷೆ ಮಾಡೋದು ಹೆಂಗ?

ಗಾಡಿಯ ಕೆಳಭಾಗ ಪ್ರೆಷರ್ ನೀರಿನಿಂದ ತೊಳೆಸಿ ಪೂರ್ತಿ ಒಣಗಲು ಬಿಡಿ. ಆಮೇಲೆ ಸಣ್ಣ ಸುತ್ತಿಗೆಯಿಂದ ಚಾಸಿ ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಕೊಳೆತದ್ದು, ಪುಟ್ಟಿ ತುಂಬಿದ್ದು ಡಬ್ ಅನ್ನುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ.

ಮುಖ್ಯವಾಗಿ ನೋಡಬೇಕಾದ ಜಾಗ: ಪಾಟಾ ಹಿಡಿಯೋ ಬ್ರಾಕೆಟ್‌ಗಳು, ಸ್ಟೇರಿಂಗ್ ಬಾಕ್ಸ್ ಕುಂತ ಜಾಗ, ಬಾಡಿ ಬೋಲ್ಟ್‌ಗಳ ಕೆಳಗೆ, ಹಿಂದಿನ ಅಡ್ಡ ಪಟ್ಟಿ, ಹಿಂದೆ ಯಾರೋ ವೆಲ್ಡಿಂಗ್ ಮಾಡಿಸಿದ ಜಾಗ.

ಮೇಲ್ಮೈ ಜಂಗು ಅಷ್ಟೇ ಇದ್ದರೆ ವೈರ್ ಬ್ರಷ್ ಹೊಡೆದು, ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಎಪಾಕ್ಸಿ ಪ್ರೈಮರ್, ಮೇಲೆ ಪೇಂಟ್ ಹೊಡೆದರೆ ಸಾಕು. ಪದರು ಪದರಾಗಿ ಉದುರುತ್ತಿದ್ದರೆ ಕಬ್ಬಿಣ ತೆಳ್ಳಗಾಗಿದೆ ಅಂತ ಅರ್ಥ. ವರ್ನಿಯರ್‌ನಿಂದ ದಪ್ಪ ಅಳೆದು ಚಲೋ ಇರುವ ಜಾಗಕ್ಕೆ ಹೋಲಿಸಿ. ತೂತು ಬಿದ್ದಿದ್ದರೆ ಕತ್ತರಿಸಲೇಬೇಕು.

ವೆಲ್ಡಿಂಗ್ ಮಾಡಿಸೋರು ಗಮನಿಸ್ರಿ

1. ಜಂಗಿನ ಮೇಲೆ ಪತ್ರಾ ಕೂಡಿಸಬೇಡಿ. ಒಳಗೆ ಕೊಳೆಯೋದು ನಿಲ್ಲಲ್ಲ, ವೆಲ್ಡಿಂಗೂ ಹಿಡಿಯಲ್ಲ. ಹೊಳೆಯುವ ಗಟ್ಟಿ ಕಬ್ಬಿಣ ಸಿಗೋ ತನಕ ಕತ್ತರಿಸಿ, ಅಲ್ಲಿಂದ ಹೊಸ ತುಂಡು ಕೂಡಿಸಬೇಕು.

2. ಕತ್ತರಿಸೋ ಮುಂಚೆ ಸಮತಟ್ಟಾದ ನೆಲದ ಮೇಲೆ ಚಾಸಿಗೆ ನಾಲ್ಕಾರು ಕಡೆ ಸ್ಟ್ಯಾಂಡ್ ಕೊಡಿಸಿ. ಚಾಸಿಯ ನಾಲ್ಕು ಬಿಂದುಗಳಿಂದ ತೂಕದ ದಾರ ಬಿಟ್ಟು ನೆಲದ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಅಳತೆ ಒಂದೇ ಬರಬೇಕು. ಕೆಲಸ ಮುಗಿದ ಮೇಲೆ ಮತ್ತೆ ಅಳೆಯಿರಿ. ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರ್ ಸವೆಯುತ್ತದೆ.

3. ಹೊಸ ಪಟ್ಟಿ ಮೂಲ ಚಾಸಿಯಷ್ಟೇ ದಪ್ಪ ಇರಲಿ. ಜಿಐ ಶೀಟ್ ಬೇಡ. ಅದರ ಸತುವಿನ ಹೊಗೆ ವೆಲ್ಡರ್‌ಗೆ ಜ್ವರ ತರಿಸುತ್ತದೆ.

4. ಬಲಕ್ಕೆ ಹಾಕೋ ಪಟ್ಟಿಯ ತುದಿಯನ್ನು ನೇರ ಕತ್ತರಿಸದೆ ಓರೆಯಾಗಿ, ಮೂಲೆ ದುಂಡಗೆ ಮಾಡಿಸಿ. ಚಾಸಿಗೆ ಅಡ್ಡಲಾಗಿ ನೇರ ಗೆರೆ ವೆಲ್ಡಿಂಗ್ ಹಾಕಿದರೆ ಮುಂದೆ ಅಲ್ಲೇ ಬಿರುಕು ಬಿಡುತ್ತದೆ.

5. ಒಂದೇ ಸಲಕ್ಕೆ ಉದ್ದಕ್ಕೆ ಹೊಡೆಯದೆ ಸ್ವಲ್ಪ ಸ್ವಲ್ಪವಾಗಿ, ಜಾಗ ಬದಲಿಸುತ್ತಾ ಹೊಡೆಸಿ. ಕಾವಿಗೆ ಚಾಸಿ ಸೊಟ್ಟಾಗುತ್ತದೆ.

6. ಬ್ಯಾಟರಿ ವೈರ್ ತೆಗೆಸಿ. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪು ಬಿಚ್ಚಿಸಿ. ಹತ್ತಿರ ಹೊಟ್ಟು, ಹುಲ್ಲು, ಖಾಲಿ ಚೀಲ ಇರಬಾರದು. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ಕೊನೆಗೆ ನೀರಿನ ತೂತು ಬಿಡಿಸಿ, ಡಬ್ಬಿ ಭಾಗದ ಒಳಗೆ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ. ಸುಟ್ಟ ಎಂಜಿನ್ ಆಯಿಲ್ ಬಳಿಯೋದು ನಮ್ಮ ಕಡೆ ರೂಢಿ. ಸ್ವಲ್ಪ ದಿನ ಜಂಗು ತಡೆಯುತ್ತದೆ ನಿಜ, ಆದರೆ ರಬ್ಬರ್ ಬುಷ್ ಕೆಡಿಸುತ್ತದೆ, ತೊಟ್ಟಿಕ್ಕಿ ಮಣ್ಣು ಸೇರುತ್ತದೆ.

ಚಾಸಿ ನಂಬರ್ ಮೇಲೆ ಗ್ರೈಂಡರ್ ಬೇಡ

ಇದನ್ನು ಮಿಸ್ತ್ರಿಗೆ ಮೊದಲೇ ಹೇಳಿ. ಆರ್‌ಸಿಯಲ್ಲಿರುವ ನಂಬರಿಗೂ ಚಾಸಿ ಮೇಲೆ ಪಂಚ್ ಮಾಡಿದ ನಂಬರಿಗೂ ತಾಳೆ ಆಗದಿದ್ದರೆ ಕಳವಿನ ಗಾಡಿ ಅನ್ನೋ ಅನುಮಾನ ನಿಮ್ಮ ಮೇಲೆ ಬರುತ್ತದೆ. ನಂಬರ್ ಇರುವ ಭಾಗವೇ ಕೊಳೆತಿದ್ದರೆ ಕೆಲಸ ನಿಲ್ಲಿಸಿ, ಫೋಟೋ ತೆಗೆದುಕೊಂಡು ಮೊದಲು ಹಾವೇರಿ ಆರ್‌ಟಿಒ ಕಚೇರಿಗೆ ಹೋಗಿ. ಆರ್‌ಸಿಯಲ್ಲಿ ಬರೆದದ್ದಕ್ಕೆ ಹೊಂದದಂಥ ಬದಲಾವಣೆ ಮಾಡಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಹಳೇ ಚಾಸಿ ಬಿಟ್ಟು ಬೇರೆ ಚಾಸಿ ಹಾಕಿಸೋದಾದರೂ ಮೊದಲು ಅನುಮತಿ, ಆಮೇಲೆ ಕೆಲಸ.

ಸ್ವಂತ ಬಳಕೆಯ ಗಾಡಿಗೆ 15 ವರ್ಷ ಆದ ಮೇಲೆ ಆರ್‌ಸಿ ನವೀಕರಣ 5 ವರ್ಷಕ್ಕೊಮ್ಮೆ. ಅರ್ಜಿ ಫಾರ್ಮ್ 25ರಲ್ಲಿ, ಅವಧಿ ಮುಗಿಯೋ ಮುಂಚಿನ 60 ದಿನದೊಳಗೆ. 20 ವರ್ಷ ದಾಟಿದ ಕಾರು, ಜೀಪಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10 ಸಾವಿರ ರೂಪಾಯಿಗೆ ಏರಿಸಿದೆ. ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿ ನೋಡಿಯೇ ಸಹಿ ಹಾಕೋದು. ಹಂಗಾಗಿ ಚಾಸಿ ಲೆಕ್ಕ ಹಾಕದೆ ಶುಲ್ಕ ಕಟ್ಟಬೇಡಿ.

50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, 10 ವರ್ಷದ ಅವಧಿ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗೆ ದೊಡ್ಡ ಬದಲಾವಣೆ ಆಗಿರಬಾರದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅದನ್ನು ಬಳಸುವಂತಿಲ್ಲ.

ಯಾವಾಗ ಕೈ ಬಿಡಬೇಕು?

ಎರಡೂ ಉದ್ದ ಪಟ್ಟಿಗಳಲ್ಲಿ ತೂತು, ಸ್ಟೇರಿಂಗ್ ಬಾಕ್ಸಿನ ಬುಡ ಕೊಳೆತದ್ದು, ಚಾಸಿ ಮಡಚಿದ ಗುರುತು. ಇವು ಒಟ್ಟಿಗೇ ಕಂಡರೆ ತೇಪೆ ಹಚ್ಚೋ ಮಾತು ಬಿಡಿ. ಗುಜರಿಗೆ ಹಾಕೋದಾದರೆ ಆರ್‌ಸಿ ಸಮೇತ ಹಂಗೇ ಕೊಟ್ಟು ಬರಬೇಡಿ. ಗಾಡಿ ಬಳಕೆಗೆ ಬಾರದು ಅಂತಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಇಲ್ಲಾಂದ್ರೆ ಆ ನಂಬರಿನಲ್ಲಿ ಬೇರೆ ಗಾಡಿ ಓಡಿದರೂ ಪೊಲೀಸರು ಬರೋದು ನಿಮ್ಮ ಮನೆಗೇ.

ಗ್ಯಾರೇಜ್, ವೆಲ್ಡಿಂಗ್ ಅಂಗಡಿಯವರಿಗೂ ಒಂದು ವಿನಂತಿ. ಕತ್ತರಿಸಿದ ಮೇಲೆ, ಪೇಂಟ್ ಹೊಡೆಯೋ ಮುಂಚೆ, ಗಾಡಿ ಮಾಲೀಕರನ್ನು ಕರೆದು ಒಮ್ಮೆ ತೋರಿಸಿ. ನಮ್ಮ ಮಾವ ಈಗ ಅದೇ ಜೀಪು ಓಡಿಸ್ತಾರೆ. ಎರಡನೇ ಸಲದ ಕೆಲಸ ಮಾಡಿದ ಮಿಸ್ತ್ರಿ ಕೇಳಿದ್ದು ಮೊದಲನೆಯವರಿಗಿಂತ ಜಾಸ್ತಿ ರೊಕ್ಕ. ಆದರೆ ಕತ್ತರಿಸಿದ ಕೊಳೆತ ತುಂಡುಗಳನ್ನು ಒಂದು ಚೀಲದಾಗ ಹಾಕಿ ಮಾವನ ಕೈಗೇ ಕೊಟ್ಟಿದ್ದರು.