ಬಾಲಾಪರಾಧಿಗಳಿಗೆ ಹೊಣೆ ನಿಂತವನು

ಮಕ್ಕಳು ತಪ್ಪುಮಾಡಿದರೆ ಅವರನ್ನು ತಿದ್ದುವುದು ಮನೆಯ ಹಿರಿಯರ ಧರ್ಮವೆಂಬುದು ಸರ್ವವಿದಿತವು. ಆದರೆ ಆ ತಪ್ಪು ಮನೆಯ ಹೊಸ್ತಿಲನ್ನು ದಾಟಿ ನ್ಯಾಯಸ್ಥಾನದ ಮೆಟ್ಟಿಲನ್ನೇರಿದರೆ, ತಿದ್ದುವ ಭಾರವನ್ನು ಹೊರುವವರಾರು? ಬಹುಕಾಲ ಈ ಪ್ರಶ್ನೆಗೆ ಸೆರೆಮನೆಯೇ ಉತ್ತರವಾಗಿದ್ದಿತು. ಬೇರೊಂದು ಉತ್ತರವನ್ನು ಆಚರಣೆಯಿಂದ ತೋರಿಸಿದವನು ನ್ಯಾಯಾಧೀಶನೂ ಅಲ್ಲ, ಮಂತ್ರಿಯೂ ಅಲ್ಲ. ಅಮೆರಿಕಾ ದೇಶದ ಬೋಸ್ಟನ್ ಪಟ್ಟಣದಲ್ಲಿ ಬೂಟುಗಳನ್ನು ಹೊಲಿದು ಜೀವಿಸುತ್ತಿದ್ದ ಜಾನ್ ಆಗಸ್ಟಸ್ ಎಂಬಾತನು.

1841ನೆಯ ಇಸವಿಯಲ್ಲಿ ಒಂದು ದಿನ ಈತನು ಪೋಲೀಸು ನ್ಯಾಯಸ್ಥಾನದಲ್ಲಿದ್ದಾಗ ಕುಡುಕನೊಬ್ಬನನ್ನು ವಿಚಾರಣೆಗೆ ತಂದರು. ಆಗಸ್ಟಸನು ಅವನಿಂದ ಮದ್ಯವನ್ನು ಬಿಡುವೆನೆಂಬ ವಚನವನ್ನು ಪಡೆದು, ತಾನೇ ಹೊಣೆ ನಿಂತು ಬಿಡಿಸಿಕೊಂಡನು. ಮೂರು ವಾರಗಳ ತರುವಾಯ ನ್ಯಾಯಾಧೀಶನೆದುರು ಬಂದು ನಿಂತ ಮನುಷ್ಯನಲ್ಲಿ ಹಿಂದಿನ ಕುಡುಕನ ಚಹರೆಯೇ ಉಳಿದಿರಲಿಲ್ಲ. ಅವನಿಗೆ ವಿಧಿಸಿದ ದಂಡವು ಖರ್ಚನ್ನು ಬಿಟ್ಟರೆ ಒಂದೇ ಸೆಂಟು.

ಎರಡು ವರ್ಷಗಳಲ್ಲಿ ಈ ಕಾರ್ಯವು ಮಕ್ಕಳವರೆಗೂ ಹಬ್ಬಿತು. ಕಳವಿನ ಆಪಾದನೆಗೆ ಒಳಗಾಗಿದ್ದ ಎಂಟು ಮತ್ತು ಹತ್ತು ವರ್ಷದ ಇಬ್ಬರು ಹುಡುಗಿಯರಿಗೂ ಹನ್ನೊಂದರ ಒಬ್ಬ ಹುಡುಗನಿಗೂ 1843ರಲ್ಲಿ ಆತನು ಹೊಣೆಯಾದನು. 1847ರಲ್ಲಿ ಏಳರಿಂದ ಹದಿನೈದು ವರ್ಷದೊಳಗಣ ಹತ್ತೊಂಬತ್ತು ಹುಡುಗರನ್ನು ಬಿಡಿಸಿಕೊಂಡನು. ತೀರ್ಪನ್ನು ಐದಾರು ತಿಂಗಳು ಮುಂದೆ ಹಾಕುವುದು, ತಿಂಗಳಿಗೊಮ್ಮೆ ಆಗಸ್ಟಸನು ಬಂದು ಅವರ ನಡತೆಯನ್ನು ಅರಿಕೆಮಾಡುವುದು, ಇದೇ ಒಪ್ಪಂದ. ಅವಧಿ ಮುಗಿದಾಗ ಹನ್ನೆರಡು ಹುಡುಗರನ್ನು ಒಟ್ಟಿಗೆ ಕರೆಸಲಾಯಿತು. ನ್ಯಾಯಾಧೀಶನು ಸಂತೋಷಪಟ್ಟು ತಲೆಗೆ ಹತ್ತು ಸೆಂಟು ದಂಡ ಹಾಕಿ ಕಳುಹಿಸಿದನು.

ಇದು ಕೇವಲ ಕರುಣೆಯಾಗಿರಲಿಲ್ಲ. ಹೊಣೆಯಾಗುವ ಮೊದಲು ಆಗಸ್ಟಸನು ಆಪಾದಿತನ ಹಿಂದಿನ ನಡತೆ, ವಯಸ್ಸು, ಮುಂದೆ ದೊರೆಯಬಹುದಾದ ಸಹವಾಸ ಇವನ್ನೆಲ್ಲ ವಿಚಾರಿಸುತ್ತಿದ್ದನು. ಬಿಡಿಸಿದ ಮೇಲೆ ಮಕ್ಕಳನ್ನು ಶಾಲೆಗೋ ಕೆಲಸಕ್ಕೋ ಹಚ್ಚುತ್ತಿದ್ದನು. ಆದರೂ ವಿರೋಧವು ತಪ್ಪಲಿಲ್ಲ. ಸೆರೆಗೆ ಹೋಗುವ ಒಬ್ಬೊಬ್ಬನಿಂದಲೂ ಅಧಿಕಾರಿಗಳಿಗೆ ಶುಲ್ಕ ದೊರೆಯುತ್ತಿದ್ದುದರಿಂದ, ಬಿಡುಗಡೆಯೆಂದರೆ ಅವರಿಗೆ ನಷ್ಟ! 1859ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಆತನು ಸುಮಾರು 1,950 ಜನರಿಗೆ ಹೊಣೆ ನಿಂತಿದ್ದನು.

1878ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನವು ಈ ಕೆಲಸಕ್ಕೆ ಸಂಬಳದ ಅಧಿಕಾರಿಯನ್ನು ನೇಮಿಸುವ ಕಾಯಿದೆಮಾಡಿತು; 1899ರಲ್ಲಿ ಶಿಕಾಗೋ ನಗರದಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ನ್ಯಾಯಸ್ಥಾನವು ಏರ್ಪಟ್ಟಿತು. ನಮ್ಮ ದೇಶದ 1897ರ ಕಾಯಿದೆಯು ಹದಿನೈದು ವರ್ಷದೊಳಗಿನ ಹುಡುಗರನ್ನು ಸೆರೆಮನೆಯ ಬದಲು ಸುಧಾರಣಾಶಾಲೆಗೆ ಕಳುಹಿಸಲು ಎಡೆಗೊಟ್ಟಿತಾದರೂ, ಅದೂ ಬಾಗಿಲು ಮುಚ್ಚಿದ ಮನೆಯೇ. ಸನ್ನಡತೆಯ ಮೇಲೆ ಬಿಡುವ ಪದ್ಧತಿಗೆ 1958ರ ಕಾಯಿದೆಯು ದೇಶವ್ಯಾಪಿಯಾದ ರೂಪವನ್ನು ಕೊಟ್ಟಿತು. 2015ರ ಬಾಲನ್ಯಾಯ ಕಾಯಿದೆಯಂತೂ ಬುದ್ಧಿವಾದ, ಸಮಾಜಸೇವೆ, ತಂದೆತಾಯಿಗಳ ಅಥವಾ ಯೋಗ್ಯರೊಬ್ಬರ ವಶಕ್ಕೆ ಒಪ್ಪಿಸುವಿಕೆ ಮುಂತಾದ ಮಾರ್ಗಗಳನ್ನು ಹೇಳಿ, ಮಗುವನ್ನು ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ಉಪಾಯವೆಂದು ಸಾರಿದೆ.

ನಮ್ಮ ನುಡಿಯಲ್ಲಿ ‘ಹೊಣೆ’ ಎಂದರೆ ಜಾಮೀನೂ ಹೌದು, ಕರ್ತವ್ಯಭಾರವೂ ಹೌದು. ಕಾಯಿದೆಯು ಮೊದಲನೆಯದನ್ನು ಬರೆದಿಡಬಲ್ಲುದು. ಎರಡನೆಯದನ್ನು ಹೊರಲು ಮನುಷ್ಯನೇ ಬೇಕು. ‘ಯೋಗ್ಯರೊಬ್ಬರು’ ಎಂದು ಕಾಯಿದೆಯು ಕರೆದಾಗ ಓಗೊಡುವವರು ನಮ್ಮ ನಮ್ಮ ಊರುಗಳಲ್ಲಿ ಎಷ್ಟು ಮಂದಿಯೆಂಬುದನ್ನು ವಾಚಕರು ಆಲೋಚಿಸಬೇಕು.