ಊರು ಬಿಟ್ಟವರ ಹೆಸರು ಯಾರ ಪುಸ್ತಕದಾಗ ಸಿಗುತ್ತೆ?

ಬಸ್ಸಿನಲ್ಲಿ, ಹಾಸ್ಟೆಲ್‌ನಲ್ಲಿ, ಹೊಲದ ಬದುವಿನ ಮೇಲೆ ಕೂತು ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಎಲ್ರಿಗೂ ಸ್ವಾಗತ. ಇವತ್ತಿನ ಸಂಚಿಕೆ ಜರ್ಮನಿಯ ಒಂದು ಹಡಗಿನಿಂದ ಶುರುವಾಗುತ್ತೆ, ಭೀಮಾ ನದಿ ದಂಡೆಯ ನಮ್ಮ ಘತ್ತರಗಿಗೆ ಬಂದು ನಿಲ್ಲುತ್ತೆ.

1885ರ ಅಕ್ಟೋಬರ್ 19. ಬ್ರೆಮೆನ್‌ನಿಂದ ಹೊರಟಿದ್ದ ‘ಐಡರ್’ ಅನ್ನೋ ಹಡಗು ನ್ಯೂಯಾರ್ಕ್ ತಲುಪಿತು. ಅದರಿಂದ ಇಳಿದವರಲ್ಲಿ 16 ವರ್ಷದ ಒಬ್ಬ ಹುಡುಗ ಇದ್ದ. ಊರು ಕಾಲ್‌ಶ್ಟಾಟ್, ದ್ರಾಕ್ಷಿ ತೋಟಗಳ ಹಳ್ಳಿ. ಅಪ್ಪ ತೀರಿಕೊಂಡಿದ್ದ, ಮನೆ ಮೇಲೆ ಸಾಲ ಇತ್ತು. ಕ್ಷೌರದ ಕೆಲಸ ಕಲಿತಿದ್ದ. ಹೆಸರು ಫ್ರೀಡ್ರಿಖ್ ಟ್ರಂಪ್. ಹೌದು, ಡೊನಾಲ್ಡ್ ಟ್ರಂಪ್ ಅವರ ಅಜ್ಜ.

ಈಗ ಸ್ವಾರಸ್ಯ ಕೇಳಿ. 1987ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಮೊಮ್ಮಗ ಟ್ರಂಪ್, ನಮ್ಮಜ್ಜ ಸ್ವೀಡನ್‌ನಿಂದ ಬಂದವರು ಅಂತ ಹೇಳಿಕೊಂಡಿದ್ದರು. ಎರಡನೇ ಮಹಾಯುದ್ಧ ಆದಮೇಲೆ, ನಾವು ಜರ್ಮನ್ನರು ಅಂತ ಹೇಳಿಕೊಳ್ಳೋದು ವ್ಯಾಪಾರಕ್ಕೆ ಒಳ್ಳೇದಲ್ಲ ಅಂತ ಆ ಮನೆಯಲ್ಲಿ ಈ ಮಾತು ಬೆಳೆದು ಬಂದಿತ್ತು. ಆದ್ರೆ ಕಾಗದ ಬೇರೆನೇ ಹೇಳುತ್ತಿತ್ತು. ಕಾಲ್‌ಶ್ಟಾಟ್‌ನ ಚರ್ಚಿನ ಪುಸ್ತಕ, ಹಡಗಿನ ಪಟ್ಟಿ, ಬವೇರಿಯಾ ಸರ್ಕಾರದ ಕಡತ ಎಲ್ಲವೂ ಜರ್ಮನಿಯನ್ನೇ ತೋರಿಸುತ್ತಿದ್ದವು. ಫ್ರೀಡ್ರಿಖ್ 1904ರಲ್ಲಿ ಹೆಂಡತಿ, ಮಗಳ ಜೊತೆ ಊರಿಗೆ ವಾಪಸ್ ಹೋದ. ನೀನು ಸೈನ್ಯದ ಸೇವೆ ತಪ್ಪಿಸಿಕೊಂಡು ಹೋದವನು, ಇಲ್ಲಿ ಇರುವ ಹಾಗಿಲ್ಲ ಅಂದರು ಅಧಿಕಾರಿಗಳು. ಆತ 1905ರಲ್ಲಿ ಅಲ್ಲಿನ ದೊರೆಗೆ ಬೇಡಿಕೊಂಡು ಪತ್ರ ಬರೆದ. ಉಪಯೋಗ ಆಗಲಿಲ್ಲ. ಆದರೆ ಆ ಪತ್ರ ಇವತ್ತಿಗೂ ಉಳಿದಿದೆ.

ಇದರಲ್ಲಿ ನನಗೆ ಹಿಡಿಸಿದ ಸಂಗತಿ ಒಂದೇ. ಯಾರೂ ಆ ಹುಡುಗನ ಚರಿತ್ರೆ ಉಳೀಲಿ ಅಂತ ಬರೆದಿಟ್ಟಿದ್ದಲ್ಲ. ಪಾದ್ರಿ ಬರೆದದ್ದು ಚರ್ಚಿನ ಲೆಕ್ಕಕ್ಕೆ, ಹಡಗಿನವರು ಬರೆದದ್ದು ಕಾನೂನಿಗೆ ಹೆದರಿ, ಸರ್ಕಾರ ಬರೆದದ್ದು ಅವನನ್ನ ಹೊರಗೆ ಹಾಕೋದಕ್ಕೆ. ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಬರೆದರು. ನೂರು ವರ್ಷದ ಮೇಲೆ ಅದೇ ಒಂದು ಮನೆತನದ ಸತ್ಯ ಆಯ್ತು.

ಅಮೆರಿಕದಲ್ಲಿ ಇವತ್ತು ನಾಲ್ಕು ಕೋಟಿಗೂ ಹೆಚ್ಚು ಜನ ತಮ್ಮದು ಜರ್ಮನ್ ಮೂಲ ಅಂತ ಹೇಳ್ತಾರೆ. ಮೂಲ ಹುಡುಕೋದು ಅಲ್ಲಿ ದೊಡ್ಡ ಹವ್ಯಾಸ. ಆದ್ರೆ ಸುಲಭ ಏನಲ್ಲ. 1890ರ ಜನಗಣತಿಯ ಹಾಳೆಗಳು 1921ರ ಬೆಂಕಿ ಅನಾಹುತದ ನಂತರ ಹೆಚ್ಚುಕಡಿಮೆ ಉಳಿಯಲೇ ಇಲ್ಲ. ಹಂಬರ್ಗ್ ಬಂದರಿನ ಪಟ್ಟಿಗಳು ಬಹುಪಾಲು ಸಿಗುತ್ತವೆ, ಬ್ರೆಮೆನ್‌ನ ಹಳೇ ಪಟ್ಟಿಗಳು ಬಹುತೇಕ ನಾಶ. ಹೆಸರುಗಳೂ ಬದಲಾಗಿವೆ. ಶ್ಮಿಟ್ ಇದ್ದವರು ಸ್ಮಿತ್ ಆದರು, ಮ್ಯುಲರ್ ಇದ್ದವರು ಮಿಲ್ಲರ್ ಆದರು. ಬಂದರಿನ ಅಧಿಕಾರಿಗಳೇ ಹೆಸರು ಬದಲಿಸಿಬಿಟ್ಟರು ಅಂತ ಒಂದು ಕಥೆ ಇದೆ, ಅದು ಸುಳ್ಳು. ಅವರು ಹಡಗಿನಿಂದ ಬಂದ ಪಟ್ಟಿ ನೋಡಿ ಟಿಕ್ ಹಾಕ್ತಿದ್ದರು ಅಷ್ಟೇ. ಹೆಸರು ಬದಲಿಸಿಕೊಂಡಿದ್ದು ಹೋದವರೇ, ಆ ಊರಿನ ಬಾಯಿಗೆ ಹೊಂದಲಿ ಅಂತ.

ಸರಿ, ಅದು ಅವರ ಕಥೆ. ನಮ್ಮದು?

ನಮ್ಮೂರು ಘತ್ತರಗಿ, ಅಫಜಲಪುರ ತಾಲ್ಲೂಕು. ಭಾಗ್ಯವಂತಿ ದೇವಿ ಗುಡಿ ಅಂದ್ರೆ ಬಹಳ ಮಂದಿಗೆ ಗೊತ್ತಾಗುತ್ತೆ. ಹೊಳಿ ದಾಟಿದ್ರೆ ವಿಜಯಪುರ ಜಿಲ್ಲೆ. ನಮ್ ಕಡಿ ಮನೆಗೊಬ್ಬರಾದ್ರೂ ಸೊಲ್ಲಾಪುರ, ಪುಣೆ, ಮುಂಬೈಗೆ ದುಡಿಯೋಕೆ ಹೋದವರು ಇರ್ತಾರೆ. ನಮ್ಮ ಮುತ್ಯಾನ ಅಣ್ಣ ಹಾಗೆ ಹೋದವರು. 1972ರ ಬರ. ಜೋಳ ಇಲ್ಲ, ದನಕ್ಕೆ ಮೇವಿಲ್ಲ. ಹೆಂಡತಿ ಮಕ್ಕಳನ್ನ ಕರ್ಕೊಂಡು ಮುಂಬೈ ಹಾದಿ ಹಿಡಿದರು. ನಮ್ಮ ಆಯಿ ಹೇಳೋದಿಷ್ಟು: “ಒಂದೆರಡು ಸಲ ದೇವಿ ಜಾತ್ರಿಗಿ ಬಂದಿದ್ದ. ಆಮ್ಯಾಲ ಬರ್ಲಿಲ್ಲ. ಕಾಗದಾನೂ ಬರ್ಲಿಲ್ಲ.”

ನಮಗೆ ಹಡಗಿನ ಪಟ್ಟಿ ಇಲ್ಲ. ಆದ್ರೆ ಹೆಳವರು ಇದ್ದಾರೆ.

ಉತ್ತರ ಕರ್ನಾಟಕದವರಿಗೆ ಹೆಳವರು ಗೊತ್ತು. ಬೇರೆಯವರಿಗಾಗಿ ಹೇಳ್ತೀನಿ. ಮನೆತನಗಳ ವಂಶಾವಳಿ ಹೇಳೋದೇ ಇವರ ಕುಲಕಸುಬು. ಹಿಂದೆ ಎತ್ತಿನ ಮೇಲೆ ಕೂತು, ಕಾಲಿನ ಮೇಲೆ ಕಂಬಳಿ ಹೊದ್ದು, ಗಂಟೆ ಬಾರಿಸ್ತಾ ಬರ್ತಿದ್ದರು. ಹೆಳವ ಅಂದ್ರೆ ಕಾಲಿಲ್ಲದವನು. ಕಲ್ಯಾಣದಲ್ಲಿ ಬಸವಣ್ಣನೇ ಕುಂಟರಿಗೆ ಎತ್ತು ಕೊಟ್ಟು ಈ ಕೆಲಸ ಹಚ್ಚಿದ ಅಂತ ಅವರು ಕಥೆ ಹೇಳ್ತಾರೆ. ಇಂತಿಂಥ ಮನೆಗಳಿಗೆ ಇಂಥ ಹೆಳವರೇ ಅಂತ ಇರುತ್ತೆ. ಕೆಲವು ವರ್ಷಕ್ಕೊಮ್ಮೆ ಬರ್ತಾರೆ. ನಿಮ್ಮ ಮೂಲ ಯಾವ ಊರು, ಅದನ್ನ ಯಾಕೆ ಬಿಟ್ರಿ, ಬೆಡಗು ಯಾವುದು, ಯಾರಿಗೆ ಎಷ್ಟು ಮಕ್ಕಳು, ಎಲ್ಲ ಹಾಡಿದ ಹಾಗೆ ಹೇಳ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಪುಸ್ತಕಕ್ಕೆ ಸೇರಿಸ್ತಾರೆ. ಜೋಳ, ಬಟ್ಟೆ, ರೊಕ್ಕ ತಗೊಂಡು ಮುಂದಿನ ಊರಿಗೆ ಹೋಗ್ತಾರೆ.

ನಮ್ಮ ಮನೆ ಹೆಳವರ ಪುಸ್ತಕದಲ್ಲಿ ಮುತ್ಯಾನ ಅಣ್ಣನ ಹೆಸರಿದೆ. ಅದರ ಮುಂದೆ “ಮುಂಬಯಿಗೆ ಹೋದ” ಅಂತ ಇದೆ. ಕೆಳಗೆ ಖಾಲಿ. ಯಾಕೆ ಅಂತ ಕೇಳಿದ್ದಕ್ಕೆ ಹೆಳವರು ನಕ್ಕರು: “ಯಪ್ಪಾ, ಹೇಳಿದ್ರ ಬರಕೋತೀನಿ. ಹೇಳೋರು ಇಲ್ಲಂದ್ರ ಏನ್ ಬರೀಲಿ?”

ಈ ಖಾಲಿ ಜಾಗ ಬರೀ ಭಾವನೆಯ ವಿಷಯ ಅಲ್ಲ. ನಮ್ಮ ಹೊಲ ಇನ್ನೂ ಮುತ್ಯಾನ ಅಪ್ಪನ ಹೆಸರಿನಲ್ಲೇ ಇದೆ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರಬೇಕಂದ್ರೆ ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಒಂದು ಕೊಂಬೆ ಬಿಟ್ಟು ಬರೆಯೋ ಹಾಗಿಲ್ಲ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಹೊಲದ ಕಾಗದ ನಿಂತಿರೋದು ಇಲ್ಲೇ, ಊರು ಬಿಟ್ಟು ಹೋದ ಒಬ್ಬರ ಹೆಸರಿನ ಹತ್ತಿರ.

ಹಾಗಾಗಿ ನಾನು ಹುಡುಕೋಕೆ ಶುರು ಮಾಡಿದೆ. ಮೊದಲು ಮನೆಯ ಟ್ರಂಕು. ಒಳಗೆ ಹಳೇ ಕಾಗದ, ಎಲ್ಲ ಉರ್ದು. ನಮ್ಮ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನ, ಕಚೇರಿ ಭಾಷೆ ಉರ್ದು. ಹೊಳಿ ಆಚೆಯ ಸಿಂದಗಿ ಕಡೆ ಬ್ರಿಟಿಷರ ಮುಂಬೈ ಪ್ರಾಂತ, ಅಲ್ಲಿಯ ಹಳೇ ಕಾಗದ ಮೋಡಿ ಲಿಪಿಯಲ್ಲೂ ಇರುತ್ತೆ. ಹೊಳಿಯ ಎರಡೂ ದಂಡೆಯಲ್ಲಿ ಬೀಗರಿರೋ ಮನೆಗೆ ಎರಡು ಸರ್ಕಾರದ ಕಾಗದ, ಎರಡು ಲಿಪಿ! ಅಮೆರಿಕದವರ ಗೋಳೂ ಇದೇ. ಅವರ ಮುತ್ತಜ್ಜಂದಿರ ಜರ್ಮನ್ ಪತ್ರಗಳು ಕುರೆಂಟ್ ಅನ್ನೋ ಹಳೇ ಕೈಬರಹದಲ್ಲಿವೆ, ಈಗಿನ ಜರ್ಮನ್ನರಿಗೇ ಓದೋಕೆ ಕಷ್ಟ. ನಮ್ಮ ಕಾಗದ ಓದಿಕೊಟ್ಟವರು ಪಕ್ಕದ ಓಣಿಯ, ಉರ್ದು ಶಾಲೆಯಲ್ಲಿ ಕಲಿತ ಒಬ್ಬ ಚಾಚಾ. ಅವರು ಮೊದಲು ಹೇಳಿಕೊಟ್ಟ ಪಾಠ ಇಸವಿಯದು. ಕಾಗದದ ಮೇಲೆ 1330 ಅಂತ ಇದ್ರೆ ಅದು ಬಹಮನಿ ಕಾಲಕ್ಕಿಂತ ಹಿಂದಿನದು ಅಂತ ಕುಣೀಬೇಡಿ, ಅದು ಫಸಲಿ ವರ್ಷ. 590 ಕೂಡಿಸಿ, 1920-21 ಬರುತ್ತೆ.

ಆ ಕಾಗದದಲ್ಲಿ ಹೊಲದ ಲೆಕ್ಕ ಇತ್ತು, ಮನುಷ್ಯರ ಲೆಕ್ಕ ಇರಲಿಲ್ಲ. ಆಮೇಲೆ ಅಡ್ಡಹೆಸರು ಹಿಡಿದು ಹೊರಟೆ. ನಮ್ ಕಡಿ ಊರಿನ ಹೆಸರೇ ಎಷ್ಟೋ ಜನರ ಅಡ್ಡಹೆಸರು: ಕರಜಗಿ, ಮಣೂರ, ಅಫಜಲಪುರ. ಒಂದು ಮಜಾ ಗಮನಿಸಿದ್ದೀರಾ? ಊರಿನ ಹೆಸರು ಅಡ್ಡಹೆಸರಾಗಿ ಅಂಟಿಕೊಳ್ಳೋದು ಆ ಊರು ಬಿಟ್ಟವರಿಗೆ. ಕರಜಗಿಯ ಒಳಗೆ ಎಲ್ಲರೂ ಕರಜಗಿಯವರೇ, ಹಾಗಾಗಿ ಅಲ್ಲಿ ಆ ಹೆಸರಿನಿಂದ ಯಾರನ್ನೂ ಗುರುತಿಸೋಕೆ ಆಗಲ್ಲ. ಬೇರೆ ಊರಿಗೆ ಹೋದಾಗ ಅಲ್ಲಿನವರು “ಇವರು ಕರಜಗಿಯವರು” ಅಂತಾರೆ, ಅದೇ ನಿಲ್ಲುತ್ತೆ. ಅಂದ್ರೆ ನಿಮ್ಮ ಅಡ್ಡಹೆಸರು ಯಾವುದಾದ್ರೂ ಊರಿನದಾಗಿದ್ರೆ, ನಿಮ್ಮ ಹಿರೀಕರು ಎಲ್ಲಿಂದ ಹೊರಟರು ಅನ್ನೋದಕ್ಕೆ ಅದೇ ಪುರಾವೆ ಆಗಿರಬಹುದು. ಮುತ್ಯಾನ ಅಣ್ಣನೂ ಮುಂಬೈನಲ್ಲಿ ನಮ್ಮ ಮನೆತನದ ಹೆಸರು ಬಿಟ್ಟು ಊರಿನ ಹೆಸರು ಹಿಡಿದಿರಬೇಕು ಅಂತ ಅನ್ನಿಸಿತು. ಆದ್ರೆ ಅಷ್ಟು ದೊಡ್ಡ ಮುಂಬೈನಲ್ಲಿ ಬರೀ ಹೆಸರಿನಿಂದ ಏನಾಗುತ್ತೆ?

ದಾರಿ ಸಿಕ್ಕಿದ್ದು ಪುಸ್ತಕದಲ್ಲಿ ಇಲ್ಲದವರಿಂದ.

ನಮ್ಮ ಹೆಳವರ ಪುಸ್ತಕದಲ್ಲಿ ಅಪ್ಪ, ಮಗ, ಮೊಮ್ಮಗ ಇದ್ದಾರೆ. ಹೆಣ್ಣುಮಕ್ಕಳು ಇಲ್ಲ. ಮದುವೆಯಾಗಿ ಬೇರೆ ಮನೆಗೆ ಹೋದರು, ಲೆಕ್ಕ ಮುಗೀತು. ಆಯಿ ಒಂದು ದಿನ ರೊಟ್ಟಿ ಬಡೀತಾ, “ನಿಮ್ಮ ಮುತ್ಯಾಗ ಒಬ್ಬಾಕಿ ತಂಗಿ ಇದ್ದಳಲ್ಲ, ಅಕ್ಕಲಕೋಟಕ್ಕ ಕೊಟ್ಟಿದ್ದು” ಅಂದರು. ನಾನು ಆ ಹೆಸರು ಕೇಳಿದ್ದು ಅವತ್ತೇ ಮೊದಲು. ಮುಂದಿನ ಭಾನುವಾರ ಅಕ್ಕಲಕೋಟಕ್ಕೆ ಹೋದೆ. ಅದು ಮಹಾರಾಷ್ಟ್ರದಲ್ಲಿದ್ರೂ ಓಣಿಯಲ್ಲಿ ಕನ್ನಡ ಕಿವಿಗೆ ಬೀಳುತ್ತೆ. ಆಕೆ ತೀರಿಕೊಂಡು ಬಹಳ ವರ್ಷ ಆಗಿತ್ತು. ಸೊಸೆ ಒಂದು ಹಳೇ ಡಬ್ಬಿ ತಂದಿಟ್ಟರು. ತುಂಬ ಲಗ್ನಪತ್ರಿಕೆಗಳು.

ಲಗ್ನಪತ್ರಿಕೆ ನಾವು ಓದಿ ಬಿಸಾಡ್ತೀವಿ, ಅಲ್ವಾ? ಒಮ್ಮೆ ಚರಿತ್ರೆಯ ಕಣ್ಣಿನಿಂದ ನೋಡಿ. ವರನ ಅಪ್ಪ ಅಮ್ಮ, ಊರು, ತಾಲ್ಲೂಕು, ಮೇಲೆ ಮನೆದೇವರ ಹೆಸರು, ಕೆಳಗೆ ಸುಖಾಗಮನ ಬಯಸುವವರ ಉದ್ದ ಪಟ್ಟಿ. ಜನಗಣತಿಗಿಂತ ಕಮ್ಮಿ ಏನಲ್ಲ. ಅದರಲ್ಲಿ 90ರ ದಶಕದ ಒಂದು ಪತ್ರಿಕೆ ಮರಾಠಿಯಲ್ಲಿತ್ತು, ಮುಂಬೈನದು. ಮೇಲೆ “ಶ್ರೀ ಭಾಗ್ಯವಂತಿ ಪ್ರಸನ್ನ”. ಕೆಳಗೆ ನಮ್ಮ ಮುತ್ಯಾನ ಅಣ್ಣನ ಹೆಸರು, ಹಿಂದೆ ‘ಸ್ವರ್ಗೀಯ’ ಅಂತ. ಆತನ ಮೂವರು ಮಕ್ಕಳ ಹೆಸರು. ಅಣ್ಣ ತಮ್ಮನ ನಡುವೆ ಕಡಿದ ಸಂಬಂಧವನ್ನ ತಂಗಿ ಇಪ್ಪತ್ತು ವರ್ಷ ಸುಮ್ಮನೆ ಉಳಿಸಿಕೊಂಡು ಬಂದಿದ್ದಳು. ಯಾರ ಪುಸ್ತಕದಲ್ಲೂ ಅವಳ ಹೆಸರಿರಲಿಲ್ಲ.

ಟ್ರಂಪ್ ಮನೆತನದಲ್ಲೂ ಇಂಥದ್ದೇ ಒಂದು ಮಾತಿದೆ. ಫ್ರೀಡ್ರಿಖ್ 1918ರ ಫ್ಲೂ ಕಾಯಿಲೆಯಲ್ಲಿ ತೀರಿಕೊಂಡ. ವ್ಯವಹಾರ ಕೈಗೆ ತಗೊಂಡವಳು ಹೆಂಡತಿ ಎಲಿಸಬೆತ್. ಮಗ ಇನ್ನೂ ಚಿಕ್ಕವನು ಅಂತ ಕಂಪನಿಗೆ ‘ಇ. ಟ್ರಂಪ್ ಆ್ಯಂಡ್ ಸನ್’ ಅಂತ ಹೆಸರಿಟ್ಟಳು. ಆ ‘ಇ’ ಅಂದ್ರೆ ಎಲಿಸಬೆತ್. ಜಗತ್ತಿಗೆ ನೆನಪಿರೋದು ‘ಸನ್’ ಮಾತ್ರ.

ಇವತ್ತು ಕಾನೂನು ಹೆಳವರ ಪುಸ್ತಕದ ಹಾಗಿಲ್ಲ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಇದೆ. ವಂಶವೃಕ್ಷದಲ್ಲಿ ಅವರ ಹೆಸರು ಬರಲೇಬೇಕು. ಹಾಗಾಗಿ ನಾವೀಗ ಬರೆಯೋ ವಂಶಾವಳಿ ಮೊದಲ ಸಲ ಪೂರ್ತಿ ಆಗೋ ಅವಕಾಶ ಇದೆ.

ಮುಂಬೈಗೆ ಫೋನ್ ಮಾಡಿದೆ. ಎತ್ತಿದವರು ಮೊಮ್ಮಗಳು, ನನಗೆ ಅಕ್ಕ ಆಗಬೇಕು. ಕನ್ನಡ ಅಷ್ಟಕ್ಕಷ್ಟೇ. ನಾನು ಯಾರು ಅಂತ ಹೇಳಿ ಮುಗಿಸೋದ್ರೊಳಗೆ ಅವರು ಕೇಳಿದ್ದು, “ಜಮೀನಿನ ಸಹಿ ಬೇಕಾ?” ನಾನು, “ಹೌದು ಅಕ್ಕಾ, ಸಹಿನೂ ಬೇಕು, ನಿಮ್ಮ ಪಾಲೂ ಅದರಲ್ಲಿದೆ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಮ್ಮ ಅಜೋಬಾ ಸಾಯೋವರೆಗೂ ಹೊಳಿ ನೀರಿನ ಮಾತೇ ಆಡ್ತಿದ್ದರು. ಊರಿಗೆ ಬಂದ್ರೆ ಪಾಲು ಕೇಳೋಕೆ ಬಂದ ಅಂತಾರೆ ಅಂತ ಬರ್ತಿರಲಿಲ್ಲ” ಅಂದರು. ನಮ್ಮ ಮನೆಯಲ್ಲಿ ಐವತ್ತು ವರ್ಷ, ಆತ ಊರು ಮರೆತ ಅಂತಾನೇ ಮಾತಾಡಿಕೊಂಡಿದ್ದೆವು. ಪೌತಿ ಖಾತೆ ಕೆಲಸ ಇನ್ನೂ ಮುಗಿದಿಲ್ಲ. ಆದರೆ ಆ ಮಾತು ಮಾತ್ರ ಮುಗಿದಿದೆ.

ಕೇಳುಗರೇ, ನೀವೂ ಹುಡುಕಬೇಕು ಅಂತಿದ್ರೆ ಹಣ ಕೊಟ್ಟು ಆ್ಯಪ್ ಹಾಕ್ಕೊಳ್ಳೋ ಮೊದಲು ಮೂರು ಕೆಲಸ ಮಾಡಿ. ಒಂದು, ಮನೆಯ ಹಿರಿಯ ಹೆಣ್ಣುಮಗಳ ಹತ್ತಿರ ಕೂತು, ಈ ಮನೆಯಿಂದ ಯಾರ್ಯಾರನ್ನ ಯಾವ ಊರಿಗೆ ಕೊಟ್ಟರು ಅಂತ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಎರಡು, ಹಳೇ ಲಗ್ನಪತ್ರಿಕೆ, ಉರ್ದು ಅಥವಾ ಮೋಡಿ ಕಾಗದ ಏನಿದ್ರೂ ಫೋಟೋ ತೆಗೆದಿಡಿ. ಓದೋರು ಊರಲ್ಲಿ ಇನ್ನೂ ಇರುವಾಗಲೇ ಓದಿಸಿ. ಮೂರು, ನಿಮ್ಮ ಮನೆಗೆ ಹೆಳವರು ಬಂದ್ರೆ ಹತ್ತು ರೂಪಾಯಿ ಕೊಟ್ಟು ಕಳಿಸಬೇಡಿ. ಕೂರಿಸಿ, ಕೇಳಿ. ಮನೆಯ ಹೆಣ್ಣುಮಕ್ಕಳ ಹೆಸರು, ಊರು ಬಿಟ್ಟು ಹೋದವರ ಮಕ್ಕಳ ಹೆಸರು ಹೇಳಿ ಬರೆಸಿ. ಹೇಳಿದ್ರೆ ಬರಕೋತೀನಿ ಅಂತ ಅವರೇ ಹೇಳಿದ್ದಾರಲ್ಲ.